ಒಂಬತ್ತು ಕುರ್ಚಿ

ನನ್ನ ಸುಳ್ಳು ಸಿಕ್ಕಿಬಿದ್ದದ್ದು ಒಂದು ಆಕಳಿಕೆಯಿಂದ.

ಬಾಗಲಕೋಟೆ ನವನಗರದ ಒಂದು ಕಟ್ಟಡ. ಕೆಳಗೆ ಝೆರಾಕ್ಸ್ ಅಂಗಡಿ, ಮೇಲೆ ಉದ್ದನೆಯ ಒಂದು ಕೋಣೆ. ನಡುವೆ ಗುಂಡಗೆ ಹಾಕಿದ ಒಂಬತ್ತು ಪ್ಲಾಸ್ಟಿಕ್ ಕುರ್ಚಿ. ಫ್ಯಾನ್ ತಿರುಗುತ್ತಿತ್ತು, ಗಾಳಿ ಮಾತ್ರ ಒಂದೇ ಕುರ್ಚಿಗೆ ಬರುತ್ತಿತ್ತು. ಆ ಕುರ್ಚಿಗಾಗಿ ಪ್ರತಿ ಗುರುವಾರ ಸಣ್ಣ ಜಗಳ ಆಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಅವತ್ತು ನಾನು ಹೊಸಬ, ಹಾಗಾಗಿ ನನಗೇ ಬಿಟ್ಟುಕೊಟ್ಟಿದ್ದರು.

ಚಟ ಬಿಡಲು ಬಂದವರ ಗುಂಪು ಅದು. ಒಬ್ಬೊಬ್ಬರೇ ತಮ್ಮ ಹೆಸರು ಹೇಳಿ, ಬಿಟ್ಟು ಎಷ್ಟು ದಿನ ಆಯಿತು ಅಂತ ಹೇಳಬೇಕು. ನನ್ನ ಸರದಿ ಬಂದಾಗ ‘ನಲವತ್ತು ದಿನ’ ಅಂದೆ. ಧಾರವಾಡದ ಆಸ್ಪತ್ರೆಗೆ ಸೇರಿದ ದಿನದಿಂದ ಎಣಿಸಿದರೆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮನೆಗೆ ಬಂದ ಎರಡನೇ ದಿನವೇ ಹಳೇ ಬೈಕಿನ ಸೀಟಿನ ಕೆಳಗೆ ಒಂದಿಷ್ಟು ಮಾತ್ರೆಯ ಸ್ಟ್ರಿಪ್ ಸಿಕ್ಕಿದ್ದವು. ಸಿಕ್ಕಿದ್ದವು ಅನ್ನೋದೂ ಸುಳ್ಳೇ. ಅವು ಅಲ್ಲಿವೆ ಅಂತ ಗೊತ್ತಿಟ್ಟುಕೊಂಡೇ ಆಸ್ಪತ್ರೆಗೆ ಹೋಗಿದ್ದೆ. ಕೊನೆಯ ಮಾತ್ರೆ ಬುಧವಾರ ಬೆಳಿಗ್ಗೆ ಮುಗಿದಿತ್ತು. ಇದು ಗುರುವಾರ ಸಂಜೆ.

ಆಕಳಿಕೆ ಶುರುವಾಯಿತು. ಒಂದರ ಹಿಂದೆ ಒಂದು. ಕಣ್ಣಲ್ಲಿ ನೀರು, ಮೂಗು ಸೋರುತ್ತಿದೆ. ಏಪ್ರಿಲ್ ತಿಂಗಳ ಬಾಗಲಕೋಟೆ ಬಿಸಿಲಲ್ಲಿ ಯಾರಿಗಾದರೂ ನೆಗಡಿ ಆಗುತ್ತಾ? ತೋಳಿನ ಕೂದಲು ನೆಟ್ಟಗೆ ನಿಂತಿದ್ದವು. ನಾನು ಕೈ ಕಟ್ಟಿಕೊಂಡು ಮುಚ್ಚಿಟ್ಟೆ.

ಎದುರಿನ ಕುರ್ಚಿಯಲ್ಲಿ ಒಬ್ಬ ಲಾರಿ ಡ್ರೈವರ್ ಕೂತಿದ್ದ. ಇಳಕಲ್ಲಿನ ಗ್ರಾನೈಟ್ ಹೇರಿಕೊಂಡು ಉತ್ತರದ ಕಡೆ ಹೋಗುವವನು. ರಾಜಸ್ಥಾನದ ಢಾಬಾ ಒಂದರಲ್ಲಿ ಡೋಡಾ ಅಂಟಿಸಿಕೊಂಡಿದ್ದ. ಅಫೀಮಿನ ಒಣ ಕಾಯಿಯ ಪುಡಿ ಅದು, ನಿದ್ದೆಗೆಟ್ಟು ಗಾಡಿ ಓಡಿಸುವವರು ಚಹಾದಂತೆ ಕುದಿಸಿ ಕುಡಿಯುತ್ತಾರೆ. ಅವನು ನನ್ನನ್ನೇ ನೋಡುತ್ತಿದ್ದ.

‘ತಮ್ಮಾ, ನಲವತ್ತ ದಿನದ ಮೂಗು ಹಿಂಗ ಸೋರಂಗಿಲ್ಲ’ ಅಂದ. ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕಡೆ ಎಸೆದ. ‘ಒರಸ್ಕೋ.’

ನನಗೆ ಗೊತ್ತಿದ್ದ ಪ್ರಕಾರ ಸುಳ್ಳು ಸಿಕ್ಕಿಬಿದ್ದ ಮೇಲೆ ಎರಡೇ ಆಗುತ್ತವೆ. ಹೊಡೆತ, ಇಲ್ಲಾ ಅಳು. ಹೊಡೆತ ಮಾಮಾನದು, ಅಳು ಅವ್ವನದು. ಇಲ್ಲಿ ಎರಡೂ ಆಗಲಿಲ್ಲ. ಕೌನ್ಸೆಲರ್ ಅಕ್ಕಾರು ಬರೀ ‘ಹಂಗಾದ್ರ ಇವತ್ತಿಂದ ಎಣಸೂಣಲ್ಲ?’ ಅಂದರು. ಪಕ್ಕದವನು ತನ್ನ ಸರದಿ ಅಂತ ಮಾತು ಶುರು ಮಾಡಿದ. ಯಾರೂ ನನ್ನ ಕುರ್ಚಿ ತೆಗೆಯಲಿಲ್ಲ. ಚಹಾ ಬಂತು. ನನ್ನ ಕಪ್ಪಿಗೂ ಹಾಕಿದರು.

ಮುಂದೆ ಹೇಳುವ ಮೊದಲು ಒಂದು ಮಾತು. ಆ ಕೋಣೆಯಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕು ಅನ್ನೋದು ಗುಂಪಿನ ಮೊದಲ ನಿಯಮ. ಇಲ್ಲಿ ಬರುವವರ ಊರು, ಕೆಲಸ ಅಲ್ಲಲ್ಲಿ ಬದಲಿಸಿದ್ದೇನೆ. ಲಾರಿ ಅಣ್ಣನಿಗೆ ಇದನ್ನು ಓದಿ ಹೇಳಿ ಒಪ್ಪಿಗೆ ತಗೊಂಡಿದ್ದೇನೆ. ನನ್ನ ಕಥೆ ಮಾತ್ರ ಇದ್ದಹಾಗೇ ಇದೆ.

ನಾನು ಮಾಮಾನ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದೆ. ಬೈಕಿನಿಂದ ಬಿದ್ದು ಸೊಂಟ ನೋವಾಯಿತು. ಡಾಕ್ಟರು ಐದು ದಿನಕ್ಕೆ ಟ್ರಮಡಾಲ್ ಅನ್ನುವ ನೋವಿನ ಮಾತ್ರೆ ಬರೆದುಕೊಟ್ಟರು. ಡಾಕ್ಟರದು ಏನೂ ತಪ್ಪಿಲ್ಲ. ಐದು ದಿನದ ಮಾತ್ರೆ ಐದು ದಿನಕ್ಕೆ ಮುಗಿಯಿತು, ನೋವೂ ಕಡಿಮೆ ಆಯಿತು. ಆರನೇ ದಿನ ನಾನು ನುಂಗಿದ್ದು ಸೊಂಟಕ್ಕಲ್ಲ. ಆ ಮಾತ್ರೆ ಹಾಕಿಕೊಂಡಾಗ ಎದೆಯೊಳಗೆ ಯಾರೋ ಕಂಬಳಿ ಹೊದಿಸಿದಂಗೆ ಆಗುತ್ತಿತ್ತು, ಅದಕ್ಕೆ.

ಮೆಡಿಕಲ್ ಶಾಪಿನವರಿಗೆ ಎಚ್‌1 ರಿಜಿಸ್ಟರ್ ಅಂದರೆ ಗೊತ್ತು. ಟ್ರಮಡಾಲ್, ಕೋಡೀನ್, ಆಲ್‌ಪ್ರಾಜೋಲಂ ತರಹದ ಔಷಧ ಮಾರಿದರೆ ಡಾಕ್ಟರ ಹೆಸರು, ರೋಗಿಯ ಹೆಸರು, ಯಾವ ಔಷಧ, ಎಷ್ಟು ಅಂತ ಅದರಲ್ಲಿ ಬರೆಯಬೇಕು. ಮೂರು ವರ್ಷ ಕಾದಿಡಬೇಕು. 2018ರಲ್ಲಿ ಟ್ರಮಡಾಲನ್ನು ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಗೂ ಸೇರಿಸಿದ ಮೇಲೆ ಲೆಕ್ಕ ಇನ್ನೂ ಬಿಗಿಯಾಯಿತು. ನಾನು ತಿಂದದ್ದಕ್ಕೆ ಯಾರದ್ದಾದರೂ ಹೆಸರು ಬೇಕಿತ್ತಲ್ಲ. ಮೊದಮೊದಲು ಬಾಯಿಗೆ ಬಂದ ಹೆಸರು ಬರೆದೆ. ಅವು ಖಾಲಿಯಾದ ಮೇಲೆ ನಮ್ಮ ಆಯಿಯ, ಅಂದರೆ ಅವ್ವನ ಅವ್ವನ, ಹೆಸರು ಬರೆದೆ. ಆಯಿ ಸತ್ತು ಎರಡು ವರ್ಷ ಆಗಿತ್ತು. ರಿಜಿಸ್ಟರಿನಲ್ಲಿ ಮಾತ್ರ ಆಕೆಗೆ ತಿಂಗಳಿಗೆ ಮೂರು ಸಲ ಸೊಂಟನೋವು ಬರುತ್ತಿತ್ತು. ಚಂದದ ಅಕ್ಷರದಲ್ಲಿ, ನೀಲಿ ಪೆನ್ನಿನಲ್ಲಿ ಬರೆಯುತ್ತಿದ್ದೆ. ಬದುಕಿದ್ದಾಗ ಒಂದು ದಿನವೂ ‘ಸೊಂಟ ನೋಯ್ತದ’ ಅಂದವಳಲ್ಲ, ಎಂಬತ್ತರ ವಯಸ್ಸಿನಲ್ಲೂ ರೊಟ್ಟಿ ಬಡಿದವಳು.

ಮಾಮಾ ಒಂದಿನ ಹಳೇ ಪುಟ ತಿರುವಿ ಹಾಕಿದ. ತನ್ನ ಅವ್ವನ ಹೆಸರು ಓದಿದ. ಅವತ್ತು ಅವನು ಹೊಡೆಯಲಿಲ್ಲ. ಶಟರ್ ಎಳೆದು, ರಿಜಿಸ್ಟರ್ ಎದೆಗೆ ಅವಚಿಕೊಂಡು ಕೂತುಬಿಟ್ಟ.

ಈ ಆಯಿಯ ವಿಷಯವನ್ನು ನಾನು ಗುಂಪಿನಲ್ಲಿ ಹೇಳಿದ್ದು ಐದು ತಿಂಗಳಾದ ಮೇಲೆ. ಹೇಳಿ ತಲೆ ತಗ್ಗಿಸಿದೆ. ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ನಿವೃತ್ತ ಮಾಸ್ತರೊಬ್ಬರು ಮೆಲ್ಲಗೆ, ‘ನಾನೂ ನಮ್ಮಪ್ಪನ್ನ ಮೂರ ಸಲಾ ಸಾಯಿಸೀನ್ರಿ, ಸಾಲಿಗೆ ರಜಾ ಹಾಕಾಕ’ ಅಂದರು. ಮೊದಲು ನಕ್ಕವರು ಯಾರೋ ನೆನಪಿಲ್ಲ. ಎಲ್ಲರೂ ನಕ್ಕೆವು, ನಾನೂ ನಕ್ಕೆ. ಹೊರಗಿನವರು ಕೇಳಿದ್ದರೆ ಇವರಿಗೆ ನಾಚಿಕೆ ಇಲ್ಲ ಅನ್ನುತ್ತಿದ್ದರು. ನಾಚಿಕೆ ಹೊಟ್ಟೆ ತುಂಬ ಇದ್ದವರು ಮಾತ್ರ ಹಾಗೆ ನಗುತ್ತಾರೆ ಅಂತ ನನಗೆ ಅನಿಸುತ್ತದೆ.

ಧಾರವಾಡಕ್ಕೆ ಹೋಗುವ ಮೊದಲು ಇನ್ನೊಂದು ಕಡೆ ಹೋಗಿದ್ದೆ. ಹೆಸರು ಬೇಡ, ಊರೂ ಬೇಡ. ಅಲ್ಲೂ ‘ಗ್ರೂಪ್’ ಅಂತ ಮಾಡುತ್ತಿದ್ದರು. ನಲವತ್ತು ಜನರನ್ನು ನೆಲದ ಮೇಲೆ ಕೂರಿಸಿ, ಒಬ್ಬ ಕೋಲು ಹಿಡಿದು ನಿಂತು ‘ನಾನು ಕುಡುಕ’ ಅಂತ ಹತ್ತು ಸಲ ಕೂಗಿಸುತ್ತಿದ್ದ. ‘ನಾನು ಕುಡಿಯಂಗಿಲ್ರಿ, ಮಾತ್ರೆ’ ಅಂದಿದ್ದಕ್ಕೆ ಒಂದೇಟು ಬಿತ್ತು. ರಾತ್ರಿ ಬಾಗಿಲಿಗೆ ಹೊರಗಿನಿಂದ ಬೀಗ. ಒಬ್ಬನ ಕಾಲಿಗೆ ಸರಪಳಿ ನೋಡಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ಪೂರ್ತಿ ನಿಷೇಧಿಸಿದೆ ಅನ್ನೋದು ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ. ಮಗನನ್ನು ಸೇರಿಸುವ ಮೊದಲು ಅಲ್ಲಿ ನೋಂದಣಿ ಇದೆಯಾ, ಡಾಕ್ಟರು ಬರುತ್ತಾರಾ, ಒಳಗೆ ಹೋಗಿ ಮಾತಾಡಿಸಲು ಬಿಡುತ್ತಾರಾ ಅಂತ ಕೇಳಿ. ಬಿಡುವುದಿಲ್ಲ ಅಂದರೆ ಎದ್ದು ಬನ್ನಿ. ನನಗೆ ಅಲ್ಲಿಂದ ಹೊರಬಂದ ದಿನವೇ ಮಾತ್ರೆ ಬೇಕಾಯಿತು. ಸಿಟ್ಟಿಗೆ.

ಆಮೇಲೆ ಚಟ ಬಿಡಿಸುವ ಸಹಾಯವಾಣಿ 14446ಕ್ಕೆ ಫೋನ್ ಮಾಡಿದ್ದು ಅವ್ವ. ಟಿವಿಯಲ್ಲಿ ನೋಡಿ ಕ್ಯಾಲೆಂಡರಿನ ಹಿಂದೆ ಆ ನಂಬರ್ ಬರೆದಿಟ್ಟಿದ್ದಳಂತೆ. ದುಡ್ಡು ಬೀಳುವುದಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಮಾಡಿದ್ದು. ನಮ್ಮ ಕಡೆ ಯಾರಿಗಾದರೂ ತಲೆ ಕೆಟ್ಟಿದೆ ಅನ್ನಬೇಕಾದರೆ ‘ಧಾರವಾಡಕ್ಕ ಕಳಸ್ರಿ’ ಅಂತ ಚೇಷ್ಟೆ ಮಾಡುತ್ತಾರೆ. ಆ ಚೇಷ್ಟೆಯ ಭಯಕ್ಕೇ ನಾವು ಒಂದು ವರ್ಷ ತಡಮಾಡಿದ್ದು. ಓಣಿಯವರು ಕೇಳಿದರೆ ಅವ್ವ ‘ಅವ ಪುಣೆದಾಗ ಕೆಲಸಕ್ಕ ಅದಾನ್ರಿ’ ಅನ್ನುತ್ತಿದ್ದಳು. ಸುಳ್ಳು ಹೇಳೋದನ್ನು ನಾನು ಮನೆಗೆಲ್ಲ ಕಲಿಸಿದ್ದೆ.

ಆಸ್ಪತ್ರೆಯ ಮೊದಲ ನಾಲ್ಕು ದಿನದ ಬಗ್ಗೆ ಜಾಸ್ತಿ ಬರೆಯೋದಿಲ್ಲ. ಕಾಲು ಸೆಳೆತ, ಭೇದಿ, ನಿದ್ದೆ ಇಲ್ಲ. ವಾರದೊಳಗೆ ಮೈಯ ಗಲಾಟೆ ತಣ್ಣಗಾಗುತ್ತದೆ. ಒಂದು ಮಾತ್ರ ಹೇಳಲೇಬೇಕು. ದಿನವೂ ವಿಪರೀತ ಕುಡಿಯುವವರು ಮನೆಯಲ್ಲಿ ಒಮ್ಮೆಲೇ ನಿಲ್ಲಿಸಬಾರದು. ಎರಡು-ಮೂರನೇ ದಿನಕ್ಕೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವಕ್ಕೇ ಕುತ್ತಾಗಬಹುದು. ಡಾಕ್ಟರ ಕಣ್ಣೆದುರೇ ಬಿಡಬೇಕು. ನಮ್ಮ ಗುಂಪಿನ ಕಾಕಾ ಒಬ್ಬರು ಹಾಗೆ ಮನೆಯಲ್ಲೇ ಬಿಡಲು ಹೋಗಿ, ಗೋಡೆ ಮೇಲೆ ಇರುವೆ ಸಾಲು ಕಂಡು ರಾತ್ರಿಯಿಡೀ ಒರೆಸಿದ್ದರಂತೆ. ಗೋಡೆ ಖಾಲಿ ಇತ್ತು.

ಈಗ ಗುಂಪಿನ ವಿಷಯ.

ನಮ್ಮ ಕಡೆ ಪ್ರವಚನ ಕೇಳಿ ಬೆಳೆದ ಜನ ಜಾಸ್ತಿ. ಒಬ್ಬರು ಮೇಲೆ ಕೂತು ಹೇಳುತ್ತಾರೆ, ಸಾವಿರಾರು ಮಂದಿ ಕೆಳಗೆ ಕೂತು ತಲೆದೂಗುತ್ತಾರೆ. ಸಿದ್ಧೇಶ್ವರ ಸ್ವಾಮಿಗಳ ಮಾತು ಕೇಳಲು ವಿಜಯಪುರದ ಆಶ್ರಮಕ್ಕೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಚಂದ ಅನಿಸಿತ್ತು, ಸುಳ್ಳಲ್ಲ. ಜೇಬಿನಲ್ಲಿ ಮಾತ್ರೆ ಇಟ್ಟುಕೊಂಡೇ ಕೇಳಿದ್ದೆ. ಪ್ರವಚನದಲ್ಲಿ ನಿನ್ನ ಜೇಬು ಯಾರೂ ನೋಡುವುದಿಲ್ಲ. ಇಲ್ಲಿ ಮೇಲೆ ಕೂರುವವರೇ ಇಲ್ಲ. ಅಕ್ಕಾರದ್ದೂ ಅದೇ ಪ್ಲಾಸ್ಟಿಕ್ ಕುರ್ಚಿ. ಅವರು ಎಂ.ಎಸ್‌.ಡಬ್ಲ್ಯೂ. (ಸಮಾಜಕಾರ್ಯ) ಓದಿದವರು, ಆದರೆ ಇಡೀ ಒಂದೂವರೆ ತಾಸಿನಲ್ಲಿ ಹತ್ತು ಮಾತು ಆಡಿದರೆ ಹೆಚ್ಚು. ಯಾರಾದರೂ ಬುದ್ಧಿ ಹೇಳಲು ಶುರು ಮಾಡಿದರೆ, ‘ನೀವು ನಿಮ್ಮದು ಹೇಳ್ರಿ’ ಅಂತ ತಡೆಯುತ್ತಾರೆ. ‘ನೀನು ಹಿಂಗ ಮಾಡಬೇಕು’ ಅನ್ನುವಂತಿಲ್ಲ, ‘ನಾನು ಹಿಂಗ ಮಾಡಿದೆ’ ಅನ್ನಬಹುದು. ಏರಿಸಿಕೊಂಡು ಬಂದವನು ಅವತ್ತು ಕೇಳಬಹುದು, ಮಾತಾಡುವಂತಿಲ್ಲ. ಒಂಬತ್ತೇ ಕುರ್ಚಿ ಯಾಕೆ ಅಂದರೆ ಅದಕ್ಕಿಂತ ಜಾಸ್ತಿ ಆದರೆ ಮೂಲೆಯಲ್ಲಿ ಅಡಗಿ ಕೂರಲು ಜಾಗ ಸಿಗುತ್ತದೆ. ನಾನಾದರೆ ಖಂಡಿತ ಅಡಗುತ್ತಿದ್ದೆ.

ಇಂಥ ಗುಂಪುಗಳ ಹಿಂದಿನ ಕಥೆ ಅಕ್ಕಾರು ಒಮ್ಮೆ ಹೇಳಿದ್ದರು. 1905ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಜೋಸೆಫ್ ಪ್ರ್ಯಾಟ್ ಅನ್ನುವ ಡಾಕ್ಟರು ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಸೇರಿಸಿ, ಮನೆಯಲ್ಲಿ ಹೇಗೆ ಆರೈಕೆ ಮಾಡಿಕೊಳ್ಳಬೇಕು ಅಂತ ಹೇಳಿಕೊಡುತ್ತಿದ್ದರಂತೆ. ಆದರೆ ಅವರಿಗೆ ಕಂಡದ್ದು ಬೇರೆ. ರೋಗಿಗಳು ಒಬ್ಬರನ್ನೊಬ್ಬರು ನೋಡಿಯೇ ಚೇತರಿಸಿಕೊಳ್ಳುತ್ತಿದ್ದರು. ಆಮೇಲೆ 1935ರಲ್ಲಿ ಓಹಾಯೋದ ಆಕ್ರನ್ ಊರಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ಪೇಟೆಯವನು, ಒಬ್ಬ ಸರ್ಜನ್, ಕೂತು ಮಾತಾಡಿದ್ದರಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. ಡ್ರಗ್ಸಿನವರಿಗೆ ಅಂತ ನಾರ್ಕೋಟಿಕ್ಸ್ ಅನಾನಿಮಸ್ ಬಂದದ್ದು 1953ರಲ್ಲಿ. ಇದನ್ನು ಕೇಳಿ ಕಾಕಾ, ‘ಹಂಗಾದ್ರ ಅಮೆರಿಕಾದಾಗೂ ಸರ್ಜನ್ ಕುಡೀತಿದ್ದನಾ?’ ಅಂತ ಖುಷಿಪಟ್ಟರು. ಆ ಖುಷಿ ಇಡೀ ವಾರ ಉಳಿಯಿತು.

ಕಾಕಾನದು ಮುಳುಗಡೆಯ ಕಥೆ. ಆಲಮಟ್ಟಿ ಹಿನ್ನೀರಿಗೆ ಘಟಪ್ರಭೆ ದಂಡೆಯ ಹೊಲ ಹೋಯಿತು. ಪರಿಹಾರದ ರೊಕ್ಕ ಬಂತು, ಟ್ರ್ಯಾಕ್ಟರ್ ಬಂತು. ಉಳಲು ಹೊಲ ಇರಲಿಲ್ಲ. ಹಗಲೆಲ್ಲ ಏನು ಮಾಡಬೇಕು ಅಂತ ತಿಳಿಯದೆ ಕುಡಿದರು, ಕೊನೆಗೆ ಟ್ರ್ಯಾಕ್ಟರನ್ನೂ ಕುಡಿದರು. ‘ಹೊಲಾ ಮುಳುಗಿಸಿದ್ದು ಸರ್ಕಾರ. ನನ್ನ ಮುಳುಗಿಸ್ಕೊಂಡಿದ್ದು ನಾನ’ ಅಂತ ಅವರು ಮೊದಲ ಸಲ ಹೇಳಿದ್ದು ಒಂದು ವರ್ಷ ಬಂದ ಮೇಲೆ. ಅಲ್ಲಿಯವರೆಗೆ ಮೊದಲರ್ಧ ಮಾತ್ರ ಹೇಳುತ್ತಿದ್ದರು.

ನಮ್ಮ ಜಿಲ್ಲೆಯಲ್ಲಿ ವ್ಯಸನ ಅಂದ ತಕ್ಷಣ ನೆನಪಾಗೋದು ಇಳಕಲ್ಲಿನ ಮಹಾಂತ ಶಿವಯೋಗಿಗಳು. ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿ, ಭಿಕ್ಷೆಯಾಗಿ ನಿಮ್ಮ ಚಟ ಹಾಕಿ ಅಂತ ಕೇಳಿದವರು. ಜನ ಬೀಡಿ ಕಟ್ಟು, ಗುಟ್ಕಾ, ಬಾಟ್ಲಿ ತಂದು ಮಹಾಂತ ಜೋಳಿಗೆಗೆ ಹಾಕಿದರು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನ ಅಂತ ಆಚರಿಸುತ್ತಾರೆ. ನಮ್ಮ ಗುಂಪಿನಲ್ಲಿ ಒಬ್ಬ ನೇಕಾರ ಇದ್ದಾನೆ. ಹುಡುಗನಾಗಿದ್ದಾಗ ಆ ಜೋಳಿಗೆಗೆ ಬೀಡಿ ಹಾಕಿದವನು. ಬೀಡಿ ಮತ್ತೆ ಮುಟ್ಟಲಿಲ್ಲವಂತೆ, ಗಾಂಜಾ ಶುರುವಾದದ್ದು ಇಪ್ಪತ್ತು ವರ್ಷ ಆದಮೇಲೆ. ‘ಜೋಳಿಗಿಗೆ ಹಾಕೂದು ಸುಲಭ ಇತ್ರಿ, ಅಜ್ಜಾರ ಮಾರಿ ನೋಡಿ ಹಾಕಿದ್ವಿ. ಮರದಿನಾ ಅಜ್ಜಾರು ಮುಂದಿನ ಊರಿಗೆ ಹೋದ್ರು’ ಅಂದ. ದೂರು ಅಲ್ಲ ಅದು, ಪ್ರೀತಿಯಿಂದಲೇ ಹೇಳಿದ. ನನಗೂ ಹಾಗೇ ಅನಿಸುತ್ತದೆ. ಆಣೆ ಮಾಡುವುದು ಒಂದು ದಿನದ ಕೆಲಸ. ನಮಗೆ ಕಷ್ಟ ಇರೋದು ಮರುದಿನದ್ದು, ಅದರ ಮರುದಿನದ್ದು.

ಪೊಲೀಸ್ ಭಯವೂ ಇತ್ತು. ಕಾಲೇಜು ಹುಡುಗನೊಬ್ಬ ಎರಡು ತಿಂಗಳು ಬಾಯಿಯೇ ಬಿಡಲಿಲ್ಲ, ಹೇಳಿದರೆ ಹಿಡಿದುಕೊಡುತ್ತಾರೆ ಅಂತ. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಬಗ್ಗೆ ಅಕ್ಕಾರು ಅವನಿಗೆ ತಿಳಿಸಿ ಹೇಳಿದರು. ಸೇವಿಸಿದ್ದಕ್ಕೋ ಸಣ್ಣ ಪ್ರಮಾಣ ಇಟ್ಟುಕೊಂಡಿದ್ದಕ್ಕೋ ಕೇಸಾದವನು ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಬಂದರೆ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ, ಚಿಕಿತ್ಸೆ ನಡುವೆ ಬಿಟ್ಟರೆ ಅದು ಹೋಗಬಹುದು. ಮಾರುವವರಿಗೆ ಇದಿಲ್ಲ. ಹುಡುಗ ಎಲ್ಲ ಕೇಳಿ, ‘ಹಂಗಾದ್ರ ಮನ್ಯಾಗ ಅಪ್ಪಗ ಯಾವ ಕಲಂ ಐತ್ರಿ?’ ಅಂದ.

ಈಗ ಹೋಳಿ.

ಬಾಗಲಕೋಟೆ ಹೋಳಿ ನೋಡದವರಿಗೆ ಹೇಳಿ ಅರ್ಥ ಮಾಡಿಸೋದು ಕಷ್ಟ. ಕೋಲ್ಕತ್ತ ಬಿಟ್ಟರೆ ನಮ್ಮದೇ ಅಂತ ನಮ್ಮವರು ಎದೆ ತಟ್ಟಿ ಹೇಳುತ್ತಾರೆ. ಕಿಲ್ಲಾ, ಹೊಸಪೇಟೆ, ಹಳಪೇಟೆ, ಜೈನಪೇಟೆ, ವೆಂಕಟಪೇಟೆ, ಒಂದೊಂದು ಓಣಿಗೂ ಒಂದೊಂದು ಗತ್ತು. ಗಾಡಿ ಮೇಲೆ ಬ್ಯಾರಲ್ಲುಗಟ್ಟಲೆ ಬಣ್ಣ. ಎಲ್ಲಕ್ಕಿಂತ ಮೊದಲು ಹಲಗಿ. ಹಬ್ಬ ಇನ್ನೂ ದೂರ ಇರುವಾಗಲೇ ಹುಡುಗರು ರಾತ್ರಿ ಬೆಂಕಿಗೆ ಹಿಡಿದು ಹಲಗಿ ಕಾಯಿಸಲು ಶುರು ಮಾಡುತ್ತಾರೆ. ಆ ಸಪ್ಪಳ ಕಿವಿಗೆ ಬಿದ್ದರೆ ಸಾಕು, ಕಾಲು ತಾನಾಗಿಯೇ ಏಳುತ್ತದೆ. ಕಾಲಿನ ಹಿಂದೆ ಬಾಯಿ ಬರುತ್ತದೆ.

ಹಬ್ಬಕ್ಕೆ ಎರಡು ಗುರುವಾರ ಮೊದಲು ಗುಂಪಿನಲ್ಲಿ ಅದೇ ಮಾತು. ಯಾರು ಯಾವ ತಾಸಿಗೆ ಎಲ್ಲಿರುತ್ತಾರೆ ಅಂತ ಒಬ್ಬೊಬ್ಬರೂ ಹೇಳಬೇಕು. ಮಾಸ್ತರು ಹಳೇ ಕ್ಯಾಲೆಂಡರಿನ ಹಿಂದೆ ‘ಹಸಿವು, ಸಿಟ್ಟು, ಒಂಟಿತನ, ದಣಿವು’ ಅಂತ ದೊಡ್ಡದಾಗಿ ಬರೆದು ಗೋಡೆಗೆ ಹಚ್ಚಿದರು. ಜಾರುವ ಮೊದಲು ಈ ನಾಲ್ಕರಲ್ಲಿ ಒಂದಾದರೂ ಇರುತ್ತದಂತೆ. ಕಾಲೇಜು ಹುಡುಗ ವಿಜಯಪುರದ ಅಕ್ಕನ ಮನೆಗೆ ಹೋಗುವುದು ಅಂತ ಆಯಿತು. ಕಾಕಾ ಹಲಗಿ ಬಡಿಯುವವರು, ಅವರನ್ನು ಮನೆಯಲ್ಲಿ ಕೂರಿಸಲು ಆಗುವುದಿಲ್ಲ. ಹಾಗಾಗಿ ಮಾಸ್ತರು ಬೆನ್ನಿಗೆ ಹೋಗುವುದು. ಎಪ್ಪತ್ತರ ಹತ್ತಿರದ ಮನುಷ್ಯ, ಬಿಳಿ ಅಂಗಿ ಹಾಕಿಕೊಂಡು, ಕೈಯಲ್ಲಿ ಎರಡು ಲೀಟರ್ ಮಜ್ಜಿಗೆ ಬಾಟ್ಲಿ ಹಿಡಿದು ಮೂರು ದಿನ ಹಲಗಿಯ ಹಿಂದೆ ತಿರುಗಿದರು. ಕೊನೆಗೆ ಮಾಸ್ತರ ಕಿವಿಯೊಳಗೂ ಗುಲಾಬಿ ಬಣ್ಣ. ಕಾಕಾ ಮಜ್ಜಿಗೆ ಕುಡಿದೇ ಬಡಿದರು.

ಲಾರಿ ಅಣ್ಣ, ‘ಬಣ್ಣದ ದಿನಾ ನಾ ಊರಾಗ ಇರಂಗಿಲ್ಲ, ರೋಡ್ ಮ್ಯಾಲ ಇರ್ತೀನಿ. ನನಗೇನ ಚಿಂತಿ?’ ಅಂದಿದ್ದ. ನಾವೆಲ್ಲ ಹೌದು ಹೌದು ಅಂದೆವು. ಯಾವ ರೋಡ್ ಅಂತ ಯಾರೂ ಕೇಳಲಿಲ್ಲ.

ಮೂರು ಗುರುವಾರ ಅವನು ಬರಲಿಲ್ಲ. ಫೋನ್ ಸ್ವಿಚ್ ಆಫ್. ಕುರ್ಚಿ ಹಾಕಿಯೇ ಇಡುತ್ತಿದ್ದೆವು. ಅಕ್ಕಾರ ಮುಖದಲ್ಲಿ ಒಂದು ಹೆದರಿಕೆ ಇತ್ತು, ಅದು ಯಾಕೆ ಅಂತ ನಮಗೆ ಗೊತ್ತಿತ್ತು. ಬಹಳ ದಿನ ಬಿಟ್ಟವನ ಮೈ ಹಳೇ ಅಳತೆ ಮರೆತಿರುತ್ತದೆ. ಅವನ ತಲೆ ಮಾತ್ರ ಮರೆತಿರುವುದಿಲ್ಲ. ಹಳೇ ಅಳತೆಯಲ್ಲಿ ತಗೊಂಡರೆ ಉಸಿರೇ ನಿಲ್ಲಬಹುದು. ಅಫೀಮಿನ ಜಾತಿಯ ಯಾವುದಕ್ಕೂ ಈ ಮಾತು ಸಲ್ಲುತ್ತದೆ.

ನಾಲ್ಕನೇ ಗುರುವಾರ ಬಂದ. ಸೊರಗಿದ್ದ. ತನ್ನ ಸರದಿ ಬಂದಾಗ ‘ಎರಡ ವರ್ಷ, ಮೂರ ತಿಂಗಳ’ ಅಂದ. ಆಮೇಲೆ ಆಕಳಿಸಿದ.

ನಾನು ಸುಮ್ನೆ ಇರಬೇಕಿತ್ತು. ಇರಲಿಲ್ಲ. ‘ಅಣ್ಣಾ, ಎರಡ ವರ್ಷದ ಮೂಗು ಹಿಂಗ ಸೋರಂಗಿಲ್ಲ’ ಅಂದೆ. ಅವನದೇ ಮಾತು, ಅವನಿಗೇ. ಹೇಳುವಾಗ ಒಳಗೊಳಗೆ ಒಂದು ಖುಷಿ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಅವನು ಎದ್ದ, ಚಪ್ಪಲಿ ಹಾಕಿಕೊಂಡ, ಮೆಟ್ಟಿಲಿಳಿದು ಹೋದ. ಕಾಕಾ ನನ್ನ ಕಡೆ ತಿರುಗಿ, ‘ಅವಾ ನಿನಗ ಟವೆಲ್ ಕೊಟ್ಟಿದ್ದ. ಮರತಿ ಏನ?’ ಅಂದರು. ಅವತ್ತು ಚಹಾ ಕುಡಿಯಲು ಆಗಲಿಲ್ಲ.

ಶನಿವಾರ ಲಾರಿ ನಿಲ್ಲುವ ಕಡೆ ಹೋದೆ. ಅವನು ಟೈರಿನ ನೆರಳಲ್ಲಿ ಕೂತಿದ್ದ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡಿದ್ದೆ, ಒಂದೂ ಬಾಯಿಗೆ ಬರಲಿಲ್ಲ. ‘ಮಿರ್ಚಿ ತಿಂತಿ ಏನಣ್ಣಾ?’ ಅಂದೆ. ‘ಹೊಟ್ಟಿ ಕೆಟ್ಟೈತಿ’ ಅಂದ. ಸರಿ, ಒಬ್ಬನೇ ತಿಂದೆ. ಅರ್ಧ ತಾಸು ಕೂತಿದ್ದೆವು. ಅವನು ಕ್ಲೀನರ್ ಹುಡುಗನ ಬಗ್ಗೆ, ಡೀಸೆಲ್ ರೇಟಿನ ಬಗ್ಗೆ ಮಾತಾಡಿದ. ಏಳುವಾಗ ನಾನು, ‘ಗುರುವಾರ?’ ಅಂದೆ. ಅವನು ಉತ್ತರ ಕೊಡಲಿಲ್ಲ.

ಗುರುವಾರ ಆರು ದಾಟಿ ಹತ್ತು ನಿಮಿಷಕ್ಕೆ ಮೆಟ್ಟಿಲ ಮೇಲೆ ಚಪ್ಪಲಿ ಸಪ್ಪಳ ಕೇಳಿತು. ಬಂದು ಕೂತ. ಅಕ್ಕಾರು ಎಂದಿನಂತೆ ‘ಎಷ್ಟ ದಿನಾ ಆತ್ರಿ?’ ಅಂದರು. ಅಣ್ಣ ಬೆರಳು ಮಡಚಿ ನೋಡಿದ. ‘ನಿನ್ನಿಯಿಂದ ಹಿಡದರ ಒಂದು. ಇವತ್ತಿನಿಂದ ಹಿಡದರ ಇನ್ನೂ ಏನೂ ಇಲ್ರಿ.’

ಮಾಸ್ತರು ಎದ್ದು ಫ್ಯಾನಿನ ಗಾಳಿ ಬರುವ ಕುರ್ಚಿಯನ್ನು ಅವನ ಕಡೆ ಎಳೆದರು. ಅವತ್ತು ಅದಕ್ಕೆ ಯಾರೂ ಜಗಳ ತೆಗೆಯಲಿಲ್ಲ.